ಮರದ ನೆಲಕ್ಕೆ ಹಿಡಿದ ಟೇಪಿನ ಅಂಟು: ಪಾಲಿಶ್ ಹಾಳಾಗದಂತೆ ತೆಗೆಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಯದು ಮರದ ನೆಲ. ಕಾರ್ಪೆಟ್ ಜಾರಬಾರದು ಅಂತ ಅಂಚಿಗೆಲ್ಲ ಡಬಲ್ ಸೈಡ್ ಟೇಪ್ ಹಾಕಿದ್ದೆವು. ಈಗ ಕಾರ್ಪೆಟ್ ಎತ್ತಿದರೆ ಅಂಟೆಲ್ಲ ಉದ್ದುದ್ದ ಪಟ್ಟಿಯಾಗಿ ನೆಲಕ್ಕೇ ಉಳಿದಿದೆ. ಒದ್ದೆ ಬಟ್ಟೆಗೆ ಜಗ್ಗಲ್ಲ, ಧೂಳು ಹಿಡಿದು ದಿನದಿನಕ್ಕೆ ಕಪ್ಪಾಗುತ್ತಿದೆ. ಒಬ್ಬರು ಅಸಿಟೋನ್ ಹಾಕಿ ಅಂತಾರೆ, ಇನ್ನೊಬ್ಬರು ವಿನೆಗರ್, ಮತ್ತೊಬ್ಬರು ಬ್ಲೇಡಿನಲ್ಲಿ ಕೆರೆಯಿರಿ ಅಂತಾರೆ. ಯಾವುದು ಸರಿ?

ಉತ್ತರ: ಮೂರನ್ನೂ ದೂರ ಇಡಿ. ಅಂಟು ಹೋಗೇ ಹೋಗುತ್ತೆ, ಅದರ ಚಿಂತೆ ಬೇಡ. ಕೆಳಗಿರುವ ಪಾಲಿಶ್ ಯಾವುದು ಅಂತ ಮೊದಲು ಗೊತ್ತಾಗಬೇಕು. ಯಾಕೆಂದರೆ ಅಂಟನ್ನು ಕರಗಿಸುವ ದ್ರವವೇ ಕೆಲವು ಪಾಲಿಶ್‌ಗಳನ್ನೂ ಕರಗಿಸಿಬಿಡುತ್ತೆ.

ಸೋಫಾ ಅಡಿಯಲ್ಲೋ ಕಪಾಟಿನ ಹಿಂದೆಯೋ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ಹನಿ ನೀರು ಹಾಕಿ 10 ನಿಮಿಷ ಬಿಡಿ. ಅಲ್ಲಿ ಬಿಳಿ ಕಲೆ ಬಂದರೆ ಹೆಚ್ಚಾಗಿ ಮೇಣದ ಪಾಲಿಶ್. ನೀರು ಒಳಗೆ ಇಳಿದು ಮರ ಕಪ್ಪಗಾದರೆ ಎಣ್ಣೆ ಪಾಲಿಶ್ ಇರಬಹುದು, ಇಲ್ಲವೇ ಇದ್ದ ಪಾಲಿಶ್ ಸವೆದಿದೆ. ಏನೂ ಆಗದಿದ್ದರೆ ಹತ್ತಿಗೆ ಒಂದು ಹನಿ ಸ್ಪಿರಿಟ್ (ಆಲ್ಕೊಹಾಲ್) ತಾಗಿಸಿ ಪಕ್ಕದಲ್ಲಿ ಒತ್ತಿ ನೋಡಿ. ಕೈಗೆ ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಸ್ಪಿರಿಟ್ ಪಾಲಿಶ್. ಎರಡಕ್ಕೂ ಜಗ್ಗದೆ ಗಟ್ಟಿಯಾಗಿದ್ದರೆ ಬಹುತೇಕ ಪಾಲಿಯುರೆಥೇನ್, ಪಿಯು ಅಂತೀವಲ್ಲ, ಅದು.

ಪಾಲಿಶ್ ಯಾವುದೇ ಇರಲಿ, ಅಂಟು ತೆಗೆಯೋಕೆ ಶುರು ಮಾಡುವುದು ಬಿಸಿಯಿಂದಲೇ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ನೆಲದಿಂದ ಒಂದು ಗೇಣು ಮೇಲೆ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹೋಗಿ. ನಡುನಡುವೆ ನೆಲ ಮುಟ್ಟಿ ನೋಡಿ: ಕೈಯಿಡಲು ಆಗದಷ್ಟು ಬಿಸಿಯಾಯಿತು ಅಂದರೆ ಪಾಲಿಶ್‌ಗೂ ಜಾಸ್ತಿಯಾಯಿತು ಅಂತಲೇ ಅರ್ಥ, ಮೇಣ ಮತ್ತು ಅರಗು ಇದ್ದರಂತೂ ಉಗುರುಬೆಚ್ಚಗೆ ಸಾಕು. ಅಂಟು ಮೆತ್ತಗಾದ ಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ನೆಲಕ್ಕೆ ವಾಲಿಸಿ ಹಿಡಿದು, ಮರದ ಗೆರೆ ಹೋದ ದಿಕ್ಕಿನಲ್ಲೇ ನಿಧಾನವಾಗಿ ತಳ್ಳಿ. ಅಡ್ಡಕ್ಕೆ ಬೇಡ. ಉಳಿದ ಸಣ್ಣ ತುಣುಕುಗಳ ಮೇಲೆ ಹೊಸ ಟೇಪ್ ಒತ್ತಿ ಕಿತ್ತರೆ ಅಂಟಿಗೆ ಅಂಟು ಹಿಡಿದು ಎದ್ದು ಬರುತ್ತೆ. ಇದು ಸುಮ್ನೆ ಹೇಳೋದಲ್ಲ, ಅರ್ಧ ಕೆಲಸ ಇಷ್ಟರಲ್ಲೇ ಮುಗಿಯುತ್ತೆ.

ಕೊನೆಗೆ ತೆಳುವಾದ ಜಿಗುಟು ಪದರ ಉಳಿಯುತ್ತಲ್ಲ, ಪಿಯು ನೆಲವಾದರೆ ಅದಕ್ಕೆ ಮಿನರಲ್ ಸ್ಪಿರಿಟ್ ಒಳ್ಳೆಯದು. ಇದು ಪೇಂಟ್ ತೆಳು ಮಾಡೋಕೆ ಬಳಸುವ ಪೆಟ್ರೋಲಿಯಂ ದ್ರವ, ಮೇಲೆ ಪರೀಕ್ಷೆಗೆ ಹೇಳಿದ ಸ್ಪಿರಿಟ್ ಅಲ್ಲ. ಚೆನ್ನಾಗಿ ಒಣಗಿ ಗಟ್ಟಿಯಾದ ಪಿಯುಗೆ ಅದು ಏನೂ ಮಾಡಲ್ಲ. ಮೂಲೆಯಲ್ಲಿ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ನೆಲಕ್ಕೆ ಸುರಿಯಬೇಡಿ, ಹಲಗೆ ಸಂದಿಗೆ ಇಳಿಯುತ್ತೆ. ಬಟ್ಟೆಗೆ ಹಾಕಿ ಅಂಟಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ಆಮೇಲೆ ಒರೆಸಿ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಬೇಕು, ಇಲ್ಲದಿದ್ದರೆ ಕರಗಿದ ಅಂಟನ್ನೇ ಇಡೀ ನೆಲಕ್ಕೆ ಬಳಿದ ಹಾಗಾಗುತ್ತೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಈ ಹಂತಕ್ಕೆ ಬಂದ ಮೇಲೆ ಮತ್ತೆ ಹೇರ್ ಡ್ರೈಯರ್ ಮುಟ್ಟಬೇಡಿ. ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಹರಡಿ ಒಣಗಿಸಿ.

ಅಸಿಟೋನ್ ಅರಗು ಮತ್ತು ಲ್ಯಾಕರ್ ಅನ್ನುವ ಹೊಳಪು ಲೇಪ ಎರಡನ್ನೂ ಕರಗಿಸುತ್ತೆ, ಪಿಯು ಮೇಲೂ ಮಂಕು ಕಲೆ ಬಿಡಬಹುದು. ವಿನೆಗರ್ ಆಮ್ಲ, ಈ ಅಂಟಿಗೆ ಏನೂ ಮಾಡಲ್ಲ, ಪದೇಪದೇ ಹಾಕಿದರೆ ಹೊಳಪನ್ನು ಮಾತ್ರ ತಿನ್ನುತ್ತೆ. ಬ್ಲೇಡ್ ಬಗ್ಗೆ ಹೇಳೋದೇ ಬೇಡ, ಒಂದು ಗೀರು ಬಿದ್ದರೆ ಮರಳು ಕಾಗದ ಹಾಕಿಯೇ ತೆಗೆಯಬೇಕು.

ಇನ್ನೊಬ್ಬರ ಪ್ರಶ್ನೆ: ನಮ್ಮದು ಮೇಣದ ಪಾಲಿಶ್ ನೆಲ ಸರ್. ನಮಗೂ ಮಿನರಲ್ ಸ್ಪಿರಿಟ್ ಆಗುತ್ತಾ?

ಉತ್ತರ: ಆಗುತ್ತೆ, ಆದರೆ ಅಂಟಿನ ಜೊತೆ ಮೇಣವೂ ಎದ್ದು ಬರುತ್ತೆ. ಗಾಬರಿಯಾಗಬೇಡಿ. ಪೂರ್ತಿ ಒಣಗಿದ ಮೇಲೆ ಅಷ್ಟು ಜಾಗಕ್ಕೆ ತೆಳುವಾಗಿ ಮೇಣ ಹಚ್ಚಿ, ಒಣ ಬಟ್ಟೆಯಲ್ಲಿ ಉಜ್ಜಿ ಹೊಳಪು ತನ್ನಿ. ಮೇಣದ ನೆಲದ ಒಳ್ಳೆ ಗುಣವೇ ಇದು, ತುಂಡು ಜಾಗಕ್ಕೆ ಮಾತ್ರ ಸರಿ ಮಾಡಬಹುದು. ನೀರು ಮತ್ತು ಹಬೆ ಮಾಪ್ ಮಾತ್ರ ತಾಗಿಸಬೇಡಿ.

ಮತ್ತೊಬ್ಬರ ಪ್ರಶ್ನೆ: ರಬ್ಬರ್ ತಳದ ಮ್ಯಾಟ್ ಇದ್ದ ಜಾಗ ಹಳದಿಯಾಗಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಮ್ಯಾಜಿಕ್ ಸ್ಪಾಂಜ್ ಹಾಕಲಾ?

ಉತ್ತರ: ಹಾಕಬೇಡಿ, ಉಜ್ಜೋದನ್ನೂ ನಿಲ್ಲಿಸಿ. ಉಗುರಲ್ಲಿ ಸವರಿ ನೋಡಿ. ಉಬ್ಬು ಅಥವಾ ಜಿಗುಟು ಸಿಕ್ಕರೆ ಮಾತ್ರ ಅದು ಮೇಲೆ ಅಂಟಿದ್ದು. ನುಣ್ಣಗಿದ್ದರೆ ರಬ್ಬರಿನಲ್ಲಿರುವ ರಾಸಾಯನಿಕ ಪಾಲಿಶ್ ಒಳಗೇ ಸೇರಿ ಬಣ್ಣ ಬದಲಿಸಿದೆ, ಅದನ್ನು ಒರೆಸಿ ತೆಗೆಯೋಕೆ ಆಗಲ್ಲ. ಮ್ಯಾಜಿಕ್ ಸ್ಪಾಂಜ್ ಅಂದರೆ ಮೆಲಮೈನ್ ನೊರೆ, ಕೈಗೆ ಮೆತ್ತಗಿದ್ದರೂ ಬಹಳ ನಯವಾದ ಮರಳು ಕಾಗದದಂತೆ ಕೆಲಸ ಮಾಡುತ್ತೆ. ಹಳದಿ ಹಾಗೇ ಉಳಿದು ಹೊಳಪೂ ಹೋಗುತ್ತೆ. ಅಲ್ಲಿನ ಪಾಲಿಶ್ ತೆಗೆಸಿ ಮತ್ತೆ ಹಾಕಿಸೋದೇ ದಾರಿ. ಮುಂದೆ ರಬ್ಬರ್ ಬದಲು ಫೆಲ್ಟ್ ತಳದ್ದು ಹಾಸಿ.

ಇನ್ನೊಂದು ಪ್ರಶ್ನೆ: ಹಳೆಯ ಮನೆ. ಟೈಲ್ ಕಿತ್ತರೆ ಕೆಳಗೆ ಮರದ ನೆಲ ಸಿಕ್ಕಿದೆ, ಮೇಲೆಲ್ಲ ಡಾಂಬರಿನಂಥ ಕಪ್ಪು ಅಂಟು. ಇದಕ್ಕೂ ಬಿಸಿ ಮತ್ತು ಸ್ಕ್ರೇಪರ್ ಸಾಕಾ?

ಉತ್ತರ: ದಯವಿಟ್ಟು ಕೈ ಹಾಕಬೇಡಿ. ಹಳೆಯ ಕಪ್ಪು ಅಂಟಿನಲ್ಲಿ, ಆ ಕಾಲದ ಟೈಲ್‌ನಲ್ಲೂ, ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಒಣಗಿದ್ದನ್ನು ಕೆರೆದರೆ, ಯಂತ್ರ ಹಾಕಿ ಉಜ್ಜಿದರೆ, ಅದರ ಎಳೆಗಳು ಗಾಳಿಗೆ ಸೇರಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತವೆ. ಗುಡಿಸಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಆ ಕೋಣೆ ಮುಚ್ಚಿ, ಕಲ್ನಾರು ಪರೀಕ್ಷೆ ಮಾಡುವವರನ್ನು ಕರೆಸಿ ಸ್ಯಾಂಪಲ್ ತೆಗೆಸಿ. ವರದಿ ಬಂದ ಮೇಲೆ ಇಲ್ಲೇ ಬರೆಯಿರಿ, ಮುಂದೇನು ಅಂತ ನೋಡೋಣ.