ಅಪ್‌ಡೇಟ್: ಸ್ಮ್ಯಾಕ್ ಜೀವ್ಸ್ ಚರಿತ್ರೆ ಎಲ್ಲಿಗೆ ಬಂತು

ಕಲಾವಿದರು ತಮ್ಮ ವೆಬ್‌ಕಾಮಿಕ್‌ಗಳನ್ನು (ಇಂಟರ್ನೆಟ್‌ನಲ್ಲಿ ಓದುವ ಚಿತ್ರಕಥೆ) ಹಾಕುತ್ತಿದ್ದ, ಈಗ ಮುಚ್ಚಿಹೋದ ತಾಣ ಸ್ಮ್ಯಾಕ್ ಜೀವ್ಸ್‌ನ ಚರಿತ್ರೆ ಬರೆಯೋಕೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ. ಹಳೆಯ ವೆಬ್ ಪುಟಗಳ ಪ್ರತಿಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮಷೀನ್ ನೋಡಿ ಅಂದವರಿಗೆ ಥ್ಯಾಂಕ್ಸ್.

ಚೌಕಟ್ಟು ಸಿಕ್ಕಿದೆ. ಶುರುವಾಗಿದ್ದು 2005ರಲ್ಲಿ, ಬಾಗಿಲು ಹಾಕಿದ್ದು 2020ರ ಡಿಸೆಂಬರ್ 31ಕ್ಕೆ. ನಡುವೆ ದಕ್ಷಿಣ ಕೊರಿಯಾ ಮೂಲದ ಎನ್‌ಎಚ್‌ಎನ್ ಕಂಪನಿಯ ಕೈಗೆ ಹೋಗಿ ಹೊಸ ರೂಪ ಪಡೆಯಿತು. ನನ್ನ ಪ್ರಕಾರ ಕಥೆಯ ತಿರುವು ಇದೇ. ಮೊದಲು ಪ್ರತಿ ಕಾಮಿಕ್‌ಗೂ ಅದರದ್ದೇ ಸಬ್‌ಡೊಮೇನ್ (ತಾಣದೊಳಗೇ ಪ್ರತ್ಯೇಕ ವೆಬ್ ವಿಳಾಸ) ಇತ್ತು. ವೆಬ್ ಪುಟ ಕಟ್ಟುವ ಭಾಷೆಗಳಾದ ಎಚ್‌ಟಿಎಂಎಲ್, ಸಿಎಸ್‌ಎಸ್ ಬಲ್ಲವರು ಪುಟವನ್ನು ಮನಸ್ಸಿಗೆ ಬಂದ ಹಾಗೆ ಅಲಂಕರಿಸುತ್ತಿದ್ದರು. ಕೆಲವು ಪುಟಗಳು ಕಣ್ಣು ಕುಕ್ಕುತ್ತವೆ, ಆದರೂ ಚೆಂದ! ಹೊಸ ರೂಪದಲ್ಲಿ ಎಲ್ಲರಿಗೂ ಒಂದೇ ಅಚ್ಚು. ಹಾಗಾಗಿ ವೇಬ್ಯಾಕ್ ಮಷೀನ್‌ನಲ್ಲಿ ಬರೀ ಕೊನೆಯ ದಿನಗಳ ಪ್ರತಿ ನೋಡಿದರೆ ಮೊದಲು ತಾಣ ಹೇಗಿತ್ತು ಅಂತ ಗೊತ್ತೇ ಆಗಲ್ಲ.

ಸಬ್‌ಡೊಮೇನ್‌ಗಳನ್ನು ಒಂದೊಂದಾಗಿ ಹುಡುಕಬೇಕು. ಅದಕ್ಕೆ ಅವುಗಳ ಹೆಸರು ಬೇಕಲ್ವಾ? ಕಲಾವಿದರು ಗೆಳೆಯರ ಕಾಮಿಕ್‌ಗಳಿಗೆ ಕೊಟ್ಟ ಲಿಂಕ್‌ಗಳೇ ದಾರಿ. ಎಷ್ಟೋ ಕಡೆ ಪುಟ ಉಳಿದಿದೆ, ಚಿತ್ರ ಇಲ್ಲ. ಓದುಗರ ಕಾಮೆಂಟ್ ಇದ್ದರೆ ಅದನ್ನೂ ಉಳಿಸಿಕೊಳ್ಳುತ್ತಿದ್ದೇನೆ.

ಚಿತ್ರಗಳ ಹಕ್ಕು ಕಲಾವಿದರದ್ದು. ಸುಮ್ನೆ ಎತ್ತಿ ಹಾಕುವ ಹಾಗಿಲ್ಲ. ಈಗ ಒಬ್ಬೊಬ್ಬರಿಗೇ ಬರೆದು ಒಪ್ಪಿಗೆ ಕೇಳುತ್ತಿದ್ದೇನೆ.