ಮರದ ಪೆನ್ನಿಗೆ ಸಲೀಸಾಗಿ ಬರೆಯುವ ಕಡ್ಡಿ (ರೀಫಿಲ್) ಯಾವುದು? ಸ್ಲಿಮ್‌ಲೈನ್ ಮತ್ತು ಸಿಗಾರ್ ಕಿಟ್

ಹಾಲೆಮರ:
ಎಲ್ಲರಿಗೂ ನಮಸ್ಕಾರ. ಹಾಲೆ ಮರ ಕಡೆದು, ಚನ್ನಪಟ್ಟಣದ ಗೊಂಬೆಗಳಿಗೆ ಹಾಕುವ ಹಾಗೆ ಅರಗಿನ ಬಣ್ಣ ಕೊಟ್ಟ ಪೆನ್ನುಗಳ ವಿಷಯ. ಕೆಲವು ಬೀಟೆಯವೂ ಇವೆ. ಕಿಟ್, ಅಂದರೆ ಮರದ ಮೈಗೆ ಜೋಡಿಸುವ ಪೆನ್ನಿನ ಲೋಹದ ಭಾಗಗಳ ಸೆಟ್, ಎರಡು ಬಗೆ: 7 ಮಿ.ಮೀ. ಹಿತ್ತಾಳೆ ಕೊಳವೆಯ ಸ್ಲಿಮ್‌ಲೈನ್, ಇನ್ನೊಂದು ದಪ್ಪನೆಯ ಸಿಗಾರ್. ಎರಡೂ ತಿರುಗಿಸಿ ತೆರೆಯುವಂಥವು.

ಕಿಟ್ ಜೊತೆ ಬರುವ ಕಡ್ಡಿಗಳದ್ದೇ ತೊಂದರೆ. ಒತ್ತಿ ಬರೆದರಷ್ಟೇ ಇಂಕು ಬರುತ್ತೆ. ಮೊದಲ ಅಕ್ಷರದ ಅರ್ಧ ಮೂಡುವುದೇ ಇಲ್ಲ, ನಾಲ್ಕು ಸಾಲು ಆದಮೇಲೆ ಒಂದು ಕಡೆ ಇಂಕಿನ ಗುಡ್ಡೆ ಬೀಳುತ್ತೆ. ಸ್ಲಿಮ್‌ಲೈನ್‌ನಲ್ಲಿ ಇದರ ಜೊತೆಗೆ ಕಾಗದ ಕೆರೆದ ಹಾಗೂ ಅನಿಸುತ್ತೆ. ಕಿಟ್ ಬದಲಾಯಿಸದೆ ಕಡ್ಡಿ ಮಾತ್ರ ಬದಲಾಯಿಸಿ ಸರಿಮಾಡಬಹುದೇ? ಕೊಳ್ಳುವವರಲ್ಲಿ ಎಡಗೈಯಲ್ಲಿ ಬರೆಯುವವರೂ ಇದ್ದಾರೆ, ಚೆಕ್ಕಿಗೆ ಸಹಿ ಹಾಕಲು ಬೇಕು ಅನ್ನುವವರೂ ಇದ್ದಾರೆ.

ಬೀಟೆತುಂಡು:
ಸರ್, ಹೊಸ ಕಡ್ಡಿ ತರುವ ಮುಂಚೆ ಒಂದು ಪರೀಕ್ಷೆ ಮಾಡಿ. ಈಗಿರುವ ಕಡ್ಡಿಯನ್ನು ಹೊರಗೆ ತೆಗೆದು, ಕೈಗೆ ಹಿಡಿತ ಸಿಗುವಷ್ಟು ಟೇಪ್ ಸುತ್ತಿ, ಅದರಲ್ಲೇ ಹತ್ತು ಸಾಲು ಬರೆಯಿರಿ. ಆಗಲೂ ತಡೆದು ತಡೆದು ಬರೆದರೆ ತಪ್ಪು ಕಡ್ಡಿಯದು. ಹೊರಗೆ ಚೆನ್ನಾಗಿ ಬರೆದು ಪೆನ್ನಿನೊಳಗೆ ಕೆರೆದರೆ ತಪ್ಪು ಜೋಡಣೆಯದು. ಕೆರೆಯುತ್ತೆ ಅಂದಿದ್ದರಿಂದ ಸ್ಲಿಮ್‌ಲೈನ್ ಜೋಡಣೆಯ ಮೇಲೆ ನನಗೆ ಅನುಮಾನ.

ಕಡ್ಡಿಯದೇ ತಪ್ಪಾದರೆ ಅಳತೆ ನೋಡಿಕೊಳ್ಳಿ. ಸಿಗಾರ್ ಕಿಟ್ ತೆಗೆದುಕೊಳ್ಳುವುದು ಪಾರ್ಕರ್ ಮಾದರಿ: ಸುಮಾರು 98 ಮಿ.ಮೀ. ಉದ್ದ, 6 ಮಿ.ಮೀ. ದಪ್ಪ. ಬಾಲ್‌ಪೆನ್ ಕಡ್ಡಿಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 12757ರಲ್ಲಿ ಇದರ ಹೆಸರು ಜಿ2. ಪೈಲಟ್ ಜಿ2 ಅನ್ನುವ ಜೆಲ್ ಪೆನ್ನಿನ ಕಡ್ಡಿ ಬೇರೆ, ಅದು ಸುಮಾರು 110 ಮಿ.ಮೀ. ಉದ್ದ. ಹೆಸರು ನೋಡಿ ತರಿಸಿಕೊಂಡು ಮೋಸಹೋಗುವವರು ಬಹಳ.

ಸ್ಲಿಮ್‌ಲೈನ್ ತೆಗೆದುಕೊಳ್ಳುವುದು ಕ್ರಾಸ್ ಮಾದರಿ, ಅಂದರೆ ಹಿಂದುಗಡೆ ಪ್ಲಾಸ್ಟಿಕ್ ತಲೆ ಇರುವ ತೆಳ್ಳನೆಯ ಲೋಹದ ಕಡ್ಡಿ. ತಿರುಗುವ ಮೆಕ್ಯಾನಿಸಂನ ಬಾಯಿ ಅಷ್ಟಕ್ಕೇ ಇರುವುದರಿಂದ ಪಾರ್ಕರ್ ಕಡ್ಡಿ ಅದಕ್ಕೆ ಹಿಡಿಯುವುದೇ ಇಲ್ಲ.

ಒತ್ತಿದರೇ ಬರೆಯುವುದಕ್ಕೆ ಕಾರಣ ಇಂಕಿನ ಗಟ್ಟಿತನ. ಹಳೇ ರೀತಿಯ ಬಾಲ್‌ಪೆನ್ ಇಂಕು ಎಣ್ಣೆಯದು, ಜೇನಿನಷ್ಟು ಮಂದ. ತುದಿಯ ಗುಂಡು ಉರುಳಿದರಷ್ಟೇ ಅದು ಹೊರಬರುತ್ತೆ, ಮಂದವಾದಷ್ಟೂ ಉರುಳಿಸಲು ಜೋರು ಬೇಕು. ಅಗ್ಗದ ಕಡ್ಡಿಯಲ್ಲಿ ಗುಂಡು ಕೂರುವ ಗೂಡಿನ ಅಂಚೂ ಒರಟು. ಹೆಚ್ಚಾದ ಇಂಕು ಆ ಅಂಚಿನಲ್ಲೇ ಸೇರಿಕೊಂಡು ಆಮೇಲೆ ಗುಡ್ಡೆಯಾಗಿ ಬೀಳುತ್ತೆ.

ಪಾರ್ಕರ್ ಅಳತೆಯಲ್ಲಿ ನನ್ನ ಆಯ್ಕೆ ಹೀಗೆ:
- ಯೂನಿ ಜೆಟ್‌ಸ್ಟ್ರೀಮ್ ಎಸ್‌ಎಕ್ಸ್‌ಆರ್-600, 0.7 ಮಿ.ಮೀ. ತುದಿ. ಎಣ್ಣೆ ಇಂಕೇ, ಆದರೆ ತೆಳು. ಬೇಗ ಒಣಗುತ್ತೆ, ಎಡಗೈಯವರಿಗೆ ಕಣ್ಣುಮುಚ್ಚಿ ಕೊಡಬಹುದು.
- ಶ್ಮಿಟ್ ಈಸಿಫ್ಲೋ 9000. ಗೆರೆ ಸ್ವಲ್ಪ ದಪ್ಪ, ಬಣ್ಣ ಗಾಢ. ಸಹಿಗೆ ಬಹಳ ಚೆಂದ.
- ಶ್ಮಿಟ್ ಪಿ900. ಮಾಮೂಲಿ ಬಾಲ್‌ಪೆನ್ ಇಂಕು, ಆದರೆ ಕಿಟ್ ಕಡ್ಡಿಗಿಂತ ಎಷ್ಟೋ ನುಣುಪು.

ಕೊಳ್ಳುವಾಗ ಎಸ್‌ಎಕ್ಸ್‌ಆರ್-600 ಅಂತಲೇ ಕೇಳಿ. ಬರೀ ಜೆಟ್‌ಸ್ಟ್ರೀಮ್ ಅಂದರೆ ಅಂಗಡಿಯವರು ಮಾಮೂಲಿ ಪೆನ್ನಿನ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಕೊಡುತ್ತಾರೆ.

ಕ್ರಾಸ್ ಅಳತೆಯಲ್ಲಿ ಆಯ್ಕೆ ಕಡಿಮೆ. ಮಾಂಟೆವರ್ಡೆ ಸಾಫ್ಟ್ ರೋಲ್ ಸಿಕ್ಕರೆ ಅದನ್ನೇ ಹಾಕಿ, ಅವರದೇ ಜೆಲ್ ಕೂಡ ಈ ಅಳತೆಯಲ್ಲಿದೆ. ಸಿಗದಿದ್ದರೆ ಕ್ರಾಸ್ ಕಂಪನಿಯದೇ ಮೀಡಿಯಂ. ಇನ್ನು ಮುಂದೆ ಪಾರ್ಕರ್ ಕಡ್ಡಿ ಹಿಡಿಸುವ ಕಿಟ್ಟನ್ನೇ ಕೊಳ್ಳಿ ಅಂತ ನನ್ನ ಸಲಹೆ. ಪೆನ್ನು ಹತ್ತು ವರ್ಷ ಬಾಳುತ್ತೆ, ಕೊಂಡವರಿಗೆ ಅಷ್ಟೂ ದಿನ ಊರಲ್ಲೇ ಕಡ್ಡಿ ಸಿಗಬೇಕಲ್ಲ.

ಮೂರುಳಿ:
ಜೋಡಣೆಯ ಬಗ್ಗೆ ನಾನು ಹೇಳುತ್ತೇನೆ. ತಿರುಗಿಸಿ ತೆರೆದಾಗ ತುದಿ ಎಷ್ಟು ಹೊರಬರುತ್ತೆ ನೋಡಿ. 2ರಿಂದ 3 ಮಿ.ಮೀ. ಬರಬೇಕು. 1 ಮಿ.ಮೀ. ಮಾತ್ರ ಬಂದರೆ, ಪೆನ್ನು ಓರೆ ಹಿಡಿದಾಗ ಗುಂಡಿನ ಜೊತೆ ಲೋಹದ ಮೂತಿಯ ಅಂಚೂ ಕಾಗದಕ್ಕೆ ತಾಗುತ್ತೆ. ಆ ಕೆರೆತಕ್ಕೆ ಜನ ಇಂಕನ್ನು ಬೈಯುತ್ತಾರೆ. ಭೂತಗನ್ನಡಿಯಲ್ಲಿ ನೋಡಿ: ಮೂತಿಯ ಒಂದೇ ಬದಿಯಲ್ಲಿ ಲೇಪ ಸವೆದು ಹೊಳಪು ಹೋಗಿದ್ದರೆ ಇದೇ ಕಾರಣ.

ಮೆಕ್ಯಾನಿಸಂ ಕೆಳಗಿನ ಕೊಳವೆಯೊಳಗೆ ಸಾಕಷ್ಟು ಇಳಿಯದಿದ್ದರೆ ಹೀಗಾಗುತ್ತೆ. ಬಿಚ್ಚಿ, ಪ್ರೆಸ್‌ನಲ್ಲಿಟ್ಟು ಅರ್ಧ ಅರ್ಧ ಮಿ.ಮೀ. ಒತ್ತಿ, ಪ್ರತಿ ಸಲವೂ ಕಡ್ಡಿ ಹಾಕಿ ತಿರುಗಿಸಿ ನೋಡಿ. ಆತುರ ಬೇಡ. ಹೆಚ್ಚು ಒತ್ತಿಬಿಟ್ಟರೆ ತುದಿ ಮುಚ್ಚಿದಾಗಲೂ ಹೊರಗೇ ಉಳಿಯುತ್ತೆ, ಆಮೇಲೆ ಮೂತಿಯ ಕಡೆಯಿಂದ ಸರಳು ಹಾಕಿ ಮೆಕ್ಯಾನಿಸಂ ಹೊಡೆದು ತೆಗೆಯಬೇಕು. ಅಷ್ಟರಲ್ಲಿ ಮರ ಸೀಳುವುದೂ ಉಂಟು, ಹಾಲೆ ಮರವಂತೂ ಮೃದು. ಮರದ ತುಂಡಿನ ತುದಿ ಸಮ ಮಾಡುವಾಗ ಹಿತ್ತಾಳೆ ಕೊಳವೆಯನ್ನೇ ಸವೆಸಿ ಗಿಡ್ಡ ಮಾಡಿದ್ದರೂ ತುದಿ ಹೀಗೆ ಹೆಚ್ಚು ಹೊರಬರುತ್ತೆ.

ಕಡ್ಡಿಯನ್ನು ಮೆಕ್ಯಾನಿಸಂನ ಬಾಯಿಗೆ ಕೊನೆ ಮುಟ್ಟುವವರೆಗೆ ತಳ್ಳಿ. ಅರ್ಧ ಕೂತಿದ್ದರೆ ಬರೆಯುವಾಗ ಒತ್ತಡಕ್ಕೆ ಹಿಂದೆ ಸರಿಯುತ್ತೆ. ಎರಡು ಸಾಲು ಚೆನ್ನಾಗಿ ಬರೆದು ಮೂರನೆಯದಕ್ಕೆ ಕೆರೆಯುವ ಪೆನ್ನಿನಲ್ಲಿ ಮೊದಲು ನೋಡಬೇಕಾದ್ದು ಇದನ್ನು.

ಹಿತ್ತಾಳೆ ಕೊಳವೆಯನ್ನು ಮರದೊಳಗೆ ಅಂಟಿಸುವಾಗ ಅದರ ಎರಡೂ ಬಾಯಿಗೆ ಮೇಣ ತುಂಬಿ, ಒಣಗಿದ ಮೇಲೆ ಮೇಣ ತೆಗೆಯಿರಿ. ಒಳಗೆ ಅಂಟು ಸೇರಿದರೆ ಕಡ್ಡಿ ಓರೆಯಾಗಿ ಉಜ್ಜುತ್ತೆ.

ಗುಂಡುಮೊನೆ:
ಇನ್ನೊಂದು ಕಾರಣ ಪಾಲಿಶ್. ಕಡ್ಡಿ ಹಾಕಿದ ಮೇಲೆ ಪೆನ್ನಿಗೆ ಮೇಣ ತಿಕ್ಕಿದರೆ ತುದಿಗೂ ಹತ್ತುತ್ತೆ. ಗುಂಡು ಜಿಡ್ಡಾಗಿ ಉರುಳುವ ಬದಲು ಜಾರುತ್ತೆ, ಮೊದಲ ಅಕ್ಷರ ಹಾರುತ್ತೆ. ಬಟ್ಟೆಗೆ ಒಂದು ಹನಿ ಸ್ಪಿರಿಟ್ ಹಾಕಿ ತುದಿ ಒರೆಸಿ, ಕಾಗದದ ಮೇಲೆ ಎಂಟರ ಆಕಾರದಲ್ಲಿ ಇಪ್ಪತ್ತು ಸುತ್ತು ಎಳೆಯಿರಿ. ನಿಮ್ಮದು ಅರಗಿನ ಪೆನ್ನು, ಆದ್ದರಿಂದ ಕಡ್ಡಿಯನ್ನು ಹೊರಗೆ ತೆಗೆದೇ ಒರೆಸಬೇಕು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ. ಒಂದು ಹನಿ ಮೈಮೇಲೆ ಬಿದ್ದರೂ ಬಣ್ಣ ಅಂಟಂಟಾಗಿ ಹೊಳಪು ಹೋಗುತ್ತೆ.

ಜೆಲ್ ಕೇಳುವವರಿಗೆ: ನುಣುಪಿನಲ್ಲಿ ಜೆಲ್‌ಗೆ ಸಾಟಿಯಿಲ್ಲ. ಆದರೆ ಬೇಗ ಖಾಲಿಯಾಗುತ್ತೆ, ಒಣಗಲು ಹೊತ್ತು ಬೇಕು, ಎಡಗೈಯವರ ಅಂಗೈಯೆಲ್ಲ ಇಂಕು. ಕಡ್ಡಿಗಳನ್ನು ತುದಿ ಕೆಳಗೆ ಮಾಡಿ ಡಬ್ಬಿಯಲ್ಲಿಡಿ, ಮೇಲೆ ಮಾಡಿಟ್ಟರೆ ತುದಿಯ ಹತ್ತಿರ ಗಾಳಿ ಸೇರುತ್ತೆ. ಫಿಶರ್ ಸ್ಪೇಸ್ ಪೆನ್ ಕಡ್ಡಿಗೆ ಈ ಕಟ್ಟು ಇಲ್ಲ. ಅದರಲ್ಲಿ ನೈಟ್ರೋಜನ್ ಒತ್ತಡ ಇಂಕನ್ನು ತಳ್ಳುತ್ತೆ, ಮೇಲ್ಮುಖವಾಗಿ ಹಿಡಿದರೂ ಬರೆಯುತ್ತೆ. ಪಾರ್ಕರ್ ಪೆನ್ನಿಗೆ ಹಾಕಲು ಪ್ಲಾಸ್ಟಿಕ್ ಅಡಾಪ್ಟರೂ ಜೊತೆಗೇ ಬರುತ್ತೆ. ಆದರೆ ಬೆಲೆ ಹೆಚ್ಚು, ನುಣುಪಿನಲ್ಲಿ ಜೆಟ್‌ಸ್ಟ್ರೀಮ್‌ಗಿಂತ ಕೆಳಗೆ. ನುಣುಪಿಗಾಗಿಯೇ ಆದರೆ ಅದು ಬೇಡ.

ಚೆಕ್ಕು, ರಿಜಿಸ್ಟರ್ ಸಹಿಗೆ ಕೊಡುವುದಾದರೆ ಕಡ್ಡಿಯ ಮೇಲೆ 12757-2 ಅಂತ ಇದೆಯೇ ನೋಡಿ. ಆ 2 ದಾಖಲೆ ಬರವಣಿಗೆಗೆ ತಕ್ಕ ಇಂಕು ಅನ್ನುವುದರ ಗುರುತು. ಜಿ2 ಅಳತೆಗೂ ಇದಕ್ಕೂ ಸಂಬಂಧವಿಲ್ಲ.

ಹಾಲೆಮರ:
ಟೇಪ್ ಸುತ್ತಿ ನೋಡಿದೆ. ಸಿಗಾರ್ ಕಡ್ಡಿ ಹೊರಗೂ ತಡೆಯುತ್ತೆ, ಅದಕ್ಕೆ ಎಸ್‌ಎಕ್ಸ್‌ಆರ್-600 ತರಿಸುತ್ತೇನೆ. ಸ್ಲಿಮ್‌ಲೈನ್ ಹೊರಗೆ ಕೆರೆಯುವುದಿಲ್ಲ, ತುದಿ ಒಂದೇ ಮಿ.ಮೀ. ಹೊರಗಿದೆ. ಒಂದು ಪ್ರಶ್ನೆ ಉಳಿಯಿತು: ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಜೆಲ್ ಕಡ್ಡಿಯ ಹಿಂಭಾಗ ಕತ್ತರಿಸಿ ಸಿಗಾರ್‌ಗೆ ಹಾಕಬಹುದೇ?

ಬೀಟೆತುಂಡು:
ಸರ್, ಮಾರುವ ಪೆನ್ನಿಗೆ ಬೇಡ. ಜೆಲ್ ಇಂಕಿನ ಹಿಂದೆ ಪಾರದರ್ಶಕ ಗ್ರೀಸಿನ ಒಂದು ತುಂಡು ಇರುತ್ತೆ. ಇಂಕು ಇಳಿದಂತೆ ಅದೂ ಹಿಂದೆಯೇ ಇಳಿದು ಗಾಳಿ ತಡೆಯುತ್ತೆ. ಗ್ರೀಸಿನವರೆಗೆ ಕತ್ತರಿಸಿದರೆ ಇಂಕು ಹಿಂದಿನಿಂದಲೇ ಸೋರುತ್ತೆ. ನಿಮ್ಮ ಸ್ವಂತಕ್ಕಾದರೆ ಗ್ರೀಸಿನಿಂದ 5 ಮಿ.ಮೀ.ಯಾದರೂ ಹಿಂದೆ, ಖಾಲಿ ಭಾಗದಲ್ಲಿ ಮಾತ್ರ ಕತ್ತರಿಸಿ. ತೆಳ್ಳಗಿನ ಕಡ್ಡಿ ಒಳಗೆ ಅಲುಗಾಡದಂತೆ ಸುತ್ತಲೂ ಕಾಗದದ ಟೇಪ್ ಸುತ್ತಿ, ಆದರೆ ಹಿಂದಿನ ತೂತು ಮುಚ್ಚಬೇಡಿ. ಅಲ್ಲಿಂದ ಗಾಳಿ ಒಳಹೋಗದಿದ್ದರೆ ಅರ್ಧ ಪುಟಕ್ಕೇ ಇಂಕು ನಿಂತುಬಿಡುತ್ತೆ.