ನೇಪಾಳದಲ್ಲಿ ಭೇಟಿಯಾದವರಿಗಾಗಿ ನಾವು ಹೇಗೆ ಪ್ರಾರ್ಥಿಸುತ್ತಾ ಹೋಗಬೇಕು?

ಪ್ರಶ್ನೆ (ಯುವಜನ ಸಂಘದ ಸದಸ್ಯೆ, ಧಾರವಾಡ)

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಯುವಜನರಾದ ನಾವು ಕಳೆದ ಬೇಸಿಗೆಯಲ್ಲಿ ನೇಪಾಳದ ಗೋರ್ಖಾ ಜಿಲ್ಲೆಯ ಒಂದು ಬೆಟ್ಟದೂರಿಗೆ ಹೋಗಿ, 2015ರ ಭೂಕಂಪದಲ್ಲಿ ನೆಲಸಮವಾದ ಆರಾಧನಾ ಮಂದಿರವನ್ನು ಮತ್ತೆ ಕಟ್ಟಿಕೊಂಡಿರುವ ಚಿಕ್ಕ ಸಭೆಯೊಂದರ ಜೊತೆ ಇದ್ದು ಬಂದೆವು. ಮಗ ಕತಾರಿನಲ್ಲಿ ದುಡಿಯುತ್ತಿರುವ ಒಬ್ಬ ತಾಯಿ, ಓದು ಮುಂದುವರಿಸಲು ಹಂಬಲಿಸುತ್ತಿರುವ ಒಬ್ಬ ಹುಡುಗಿ, ನಂಬಿಕೆಯ ಕಾರಣಕ್ಕೆ ಅಣ್ಣತಮ್ಮಂದಿರಿಂದ ದೂರವಾದ ಒಬ್ಬ ಹಿರಿಯರು, ಹೀಗೆ ಹಲವರು ನಮ್ಮ ಕೈ ಹಿಡಿದು ತಮ್ಮನ್ನು ಪ್ರಾರ್ಥನೆಯಲ್ಲಿ ನೆನೆಯುವಂತೆ ಕೇಳಿಕೊಂಡರು. ನಾವು ಮಾತು ಕೊಟ್ಟೆವು. ಈಗ ಭಾನುವಾರದ ವಿಜ್ಞಾಪನಾ ಪ್ರಾರ್ಥನೆಯಲ್ಲಿ ಅದೆಲ್ಲವೂ ‘ನೇಪಾಳದ ಜನರನ್ನು ಆಶೀರ್ವದಿಸು’ ಎಂಬ ಒಂದೇ ವಾಕ್ಯಕ್ಕೆ ಇಳಿದಿರುವುದು ನನ್ನನ್ನು ಬಾಧಿಸುತ್ತಿದೆ. ಅವರವರ ಹೆಸರು ಹಿಡಿದು ಪ್ರಾರ್ಥಿಸುವುದನ್ನು ಉಳಿಸಿಕೊಳ್ಳುವುದು ಹೇಗೆ? ಹೆಸರು ಮತ್ತು ಫೋಟೋಗಳನ್ನು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಬಹುದೇ? ನಮಗೆ ಊಟ ಹಾಕಿದ, ನಮ್ಮ ನಂಬಿಕೆಯವರಲ್ಲದ ನೆರೆಮನೆಯವರಿಗಾಗಿ ಏನೆಂದು ಪ್ರಾರ್ಥಿಸಬೇಕು?

ಉತ್ತರ 1 (ನಿವೃತ್ತ ಸಭಾಪಾಲಕ, ಮೈಸೂರು)

ಪ್ರಿಯ ಸಹೋದರಿಯೇ, ನಿಮ್ಮ ಪ್ರಶ್ನೆಗೆ ಬೈಬಲಿನಲ್ಲಿ ಅಪೊಸ್ತಲ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಕ್ಕಿಂತ ಹತ್ತಿರವಾದ ಭಾಗ ನನಗೆ ಕಾಣುವುದಿಲ್ಲ. ಪೌಲನು ಆ ಊರಿನ ಸಭಾಮಂದಿರದಲ್ಲಿ ಮಾತನಾಡಿದ್ದು ಮೂರು ಸಬ್ಬತ್ ದಿನಗಳೆಂದು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಹೇಳುತ್ತದೆ. ಆಮೇಲೆ ಗಲಭೆಯೆದ್ದು ಅವನು ರಾತ್ರೋರಾತ್ರಿ ಹೊರಡಬೇಕಾಯಿತು. ಹಾಗೆ ಅರ್ಧದಲ್ಲಿ ಬಿಟ್ಟುಬಂದವರ ಚಿಂತೆಯನ್ನು ತಾಳಲಾರದೆ, ತಾನು ಅಥೇನೆಯಲ್ಲಿ ಒಬ್ಬನೇ ಉಳಿದರೂ ಸರಿಯೆಂದು ತನ್ನ ಜೊತೆಗಾರ ತಿಮೊಥೆಯನ್ನು ಅವರ ಬಳಿಗೆ ಕಳುಹಿಸಿದನು. ತಿಮೊಥೆ ಸುದ್ದಿ ತಂದ ಮೇಲೆ ಅವನ ಪ್ರಾರ್ಥನೆ ಎಷ್ಟು ಸ್ಪಷ್ಟವಾಗಿದೆಯೆಂಬುದನ್ನು ಆ ಪತ್ರದ ಮೂರನೆಯ ಅಧ್ಯಾಯದಲ್ಲಿ ಗಮನಿಸಿರಿ: ಅವರ ಮುಖವನ್ನು ಮತ್ತೆ ಕಾಣಬೇಕು, ಅವರ ನಂಬಿಕೆಯಲ್ಲಿ ಕೊರತೆಯಾಗಿರುವುದನ್ನು ತುಂಬಬೇಕು, ಅವರ ಪ್ರೀತಿ ಹೆಚ್ಚಬೇಕು.

ಸುದ್ದಿ ನಿಂತುಹೋದಲ್ಲಿ ಪ್ರಾರ್ಥನೆ ಒಂದೇ ವಾಕ್ಯಕ್ಕೆ ಇಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಭಕ್ತಿ ಕಡಿಮೆಯಾಯಿತೆಂದು ಯುವಜನರನ್ನು ಗದರಿಸುವ ಬದಲು, ಆ ಊರಿನ ಸಭಾಪಾಲಕರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುವ ಹೊಣೆಯನ್ನು ನಿಮ್ಮಲ್ಲಿ ಇಬ್ಬರಿಗೆ ಒಪ್ಪಿಸಿರಿ. ಕತಾರಿನಲ್ಲಿರುವ ಮಗನಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ, ಹುಡುಗಿಯ ಕಾಲೇಜಿನ ವಿಷಯ ಏನಾಯಿತು ಎಂದು ತಿಳಿದಿದ್ದರೆ, ಪ್ರಾರ್ಥನೆಗೆ ಮಾತು ಹುಡುಕಬೇಕಾಗುವುದಿಲ್ಲ. ಉತ್ತರ ದೊರೆತಾಗ ಸ್ತೋತ್ರ ಸಲ್ಲಿಸುವುದಕ್ಕೂ ಈ ಸುದ್ದಿಯೇ ಬೇಕು.

ಉತ್ತರ 2 (ಕಠ್ಮಂಡುವಿನಲ್ಲಿ ಕೆಲಸ ಮಾಡಿದ ಕನ್ನಡಿಗ)

ಅಯ್ಯನವರ ಮಾತಿಗೆ ಪೂರ್ಣ ಸಮ್ಮತಿಯಿದೆ. ಹೆಸರು ಮತ್ತು ಫೋಟೋಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ: ದಯವಿಟ್ಟು ಹಾಕಬೇಡಿರಿ. ನೇಪಾಳದ 2015ರ ಸಂವಿಧಾನದ 26ನೆಯ ವಿಧಿಯು ಇನ್ನೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯ ಪ್ರಕಾರ ಅದಕ್ಕೆ 5 ವರ್ಷಗಳವರೆಗೆ ಸೆರೆವಾಸ ಮತ್ತು 50,000 ನೇಪಾಳಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ನೀವು ಸದುದ್ದೇಶದಿಂದ ಹಾಕಿದ ಒಂದು ಚಿತ್ರವು ಕೈಯಿಂದ ಕೈಗೆ ಹೋಗಿ, ಅಲ್ಲಿಯೇ ಬಾಳಬೇಕಾದವರಿಗೆ ತೊಂದರೆ ತರಬಹುದು. ಹೆಸರುಗಳು ಪ್ರವಾಸಕ್ಕೆ ಹೋದವರ ಕೈಬರಹದ ಪುಸ್ತಕದಲ್ಲಿರಲಿ. ಸಭೆಯಲ್ಲಿ ‘ಒಬ್ಬ ತಾಯಿ’, ‘ಒಬ್ಬ ಹಿರಿಯರು’ ಎಂದರೆ ಸಾಕು.

ಇನ್ನೊಂದು ಮಾತು. ಅಲ್ಲಿ ವಾರದ ರಜೆ ಶನಿವಾರವಾದ್ದರಿಂದ ಬಹುಪಾಲು ಸಭೆಗಳು ಶನಿವಾರವೇ ಆರಾಧನೆಗೆ ಕೂಡುತ್ತವೆ. ಅವರು ಕೂಡಿರುವ ಹೊತ್ತಿನಲ್ಲೇ ನೀವೂ ಪ್ರಾರ್ಥಿಸಿರಿ. ಮಳೆಗಾಲದಲ್ಲಿ ಆ ಬೆಟ್ಟಗಳ ದಾರಿಗಳು ಕುಸಿಯುತ್ತವೆ. ಶರತ್ಕಾಲದ ದಶೈಂ ಹಬ್ಬದಲ್ಲಿ ಹಿರಿಯರ ಕೈಯಿಂದ ಹಣೆಗೆ ಟೀಕಾ (ಆಶೀರ್ವಾದದ ತಿಲಕ) ಇಡಿಸಿಕೊಳ್ಳಲು ಒಪ್ಪದ ವಿಶ್ವಾಸಿಗಳು ಮನೆಯವರ ನೋವಿಗೂ ಕೋಪಕ್ಕೂ ಗುರಿಯಾಗುವುದುಂಟು. ನೀವು ಹೇಳಿದ ಆ ಹಿರಿಯರಿಗೆ ವರ್ಷದ ಅತ್ಯಂತ ಕಠಿಣವಾದ ದಿನಗಳು ಬಹುಶಃ ಅವೇ ಆಗಿರುತ್ತವೆ. ಅಣ್ಣತಮ್ಮಂದಿರೊಂದಿಗೆ ಅವರ ಮಾತುಕತೆ ಮುರಿಯದಿರಲೆಂದು ಆಗ ವಿಶೇಷವಾಗಿ ಬೇಡಿಕೊಳ್ಳಿರಿ.

ಉತ್ತರ 3 (ಸ್ತ್ರೀ ಸಮಾಜದ ಸದಸ್ಯೆ, ಮಂಗಳೂರು)

ನಿಮ್ಮ ಮೂರನೆಯ ಪ್ರಶ್ನೆಯ ಬಗ್ಗೆ ಬರೆಯುತ್ತಿದ್ದೇನೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ, ಇಲ್ಲಿಂದ ಹೋದ ವರದಿಗಳನ್ನು ಓದಿ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಜನರು ನಮ್ಮ ಹಿರಿಯರಿಗಾಗಿ ಪ್ರಾರ್ಥಿಸಿದರು. ಅದಕ್ಕಾಗಿ ನಾನು ದೇವರಿಗೆ ಕೃತಜ್ಞಳು. ಆದರೆ ನಮ್ಮನ್ನು ಬರೀ ಕತ್ತಲೆಯಲ್ಲಿರುವವರೆಂದು ಕಂಡ ಆ ಕಾಲದ ಎಷ್ಟೋ ಬರಹಗಳಲ್ಲಿ ನಮ್ಮ ಅಜ್ಜಿಯರ ದುಡಿಮೆಯಾಗಲಿ, ಅವರ ಉಪಚಾರವಾಗಲಿ ಕಾಣಿಸುವುದಿಲ್ಲ. ಹಾಗೆ ನೋಡಲ್ಪಟ್ಟವರ ಮಕ್ಕಳಾದ ನಾವು ಆ ನೋಟವನ್ನು ನೇಪಾಳದ ಮೇಲೆ ಹೊರಿಸಬಾರದು. ನಿಮಗೆ ಊಟ ಹಾಕಿದ ಮನೆಯವರ ಬೆಳೆಗಾಗಿ, ಆರೋಗ್ಯಕ್ಕಾಗಿ, ಮಕ್ಕಳ ಓದಿಗಾಗಿ ಮನಸಾರೆ ಪ್ರಾರ್ಥಿಸಿರಿ. ಅವರ ಉಪಕಾರಕ್ಕಾಗಿ ಸ್ತೋತ್ರ ಮಾಡಿರಿ. ಅವರ ನಂಬಿಕೆಯ ವಿಷಯವು ದೇವರಿಗೂ ಅವರಿಗೂ ಸೇರಿದ್ದು. ಹಾಗೆಯೇ ಆ ಚಿಕ್ಕ ಸಭೆಗೆ ನಿಮ್ಮ ಕಷ್ಟಗಳನ್ನೂ ತಿಳಿಸಿ, ನಿಮಗಾಗಿ ಪ್ರಾರ್ಥಿಸುವಂತೆ ಕೇಳಿಕೊಳ್ಳಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಗುಂಪಿನಲ್ಲಿ ಫೋಟೋ ಹಾಕುವುದು ಬೇಡವೆಂದು ಸಂಘದಲ್ಲಿ ತೀರ್ಮಾನಿಸಿದ್ದೇವೆ. ಶನಿವಾರ ಬೆಳಿಗ್ಗೆ ಕೂಡಿ ಪ್ರಾರ್ಥಿಸಲು ಕೆಲವರು ಒಪ್ಪಿದ್ದಾರೆ; ಹಿಂದಿ ಬಲ್ಲ ಇಬ್ಬರು ಫೋನಿನ ಹೊಣೆ ಹೊತ್ತಿದ್ದಾರೆ. ನಮ್ಮ ಸಭೆಯಲ್ಲಿ ಕೆಲಸ ಕಳೆದುಕೊಂಡಿರುವ ಒಬ್ಬ ಸಹೋದರರ ಅನುಮತಿ ಪಡೆದು, ಅವರಿಗಾಗಿ ಪ್ರಾರ್ಥಿಸುವಂತೆ ಆ ತಾಯಿಯನ್ನು ಮೊದಲನೆಯ ಕರೆಯಲ್ಲೇ ಕೇಳಿಕೊಳ್ಳಲಿದ್ದೇವೆ.